ಮಕ್ಕಳಿಗೆ ಉಣ್ಣಿಸಿದ ಮೇಲೆ

ಯುಗಾದಿಯ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ನನ್ನ ಹಿಂದಿದ್ದವರೊಬ್ಬರು, "ನೀವು ಯೂನಿವರ್ಸಿಟೀಲಿ ಏನೋ ಓದ್ತಿದ್ದೀರಂತಲ್ಲಾ, ಏನ್ ಸಬ್ಜೆಕ್ಟು?" ಎಂದು ಕೇಳಿದರು. ನನಗೆ ಹಸಿವಾಗಿತ್ತು. ಹಸಿದಾಗ ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. "ಕೊಲೆ" ಎಂದೆ.

ಸ್ಟಾಕ್‌ಹೋಮಿನ ಪಕ್ಕದ ಸೊಲ್ಲೆಂಟುನಾದಲ್ಲಿ ನಮ್ಮ ಕನ್ನಡದವರು ಸೇರುತ್ತಿದ್ದ ಆ ಸಭಾಂಗಣವನ್ನು ಕೊಮ್ಮೂನ್‌ನವರು, ಅಂದರೆ ಅಲ್ಲಿಯ ಪುರಸಭೆಯವರು, ಬಾಡಿಗೆಗೆ ಕೊಡುತ್ತಿದ್ದರು. ಬಂದವರಲ್ಲಿ ಮುಕ್ಕಾಲು ಪಾಲು ಕಿಸ್ತಾದ ಕಂಪನಿಗಳಲ್ಲಿ ಸಾಫ್ಟ್‌ವೇರ್ ಬರೆಯುವವರು, ಉಳಿದವರು ಅವರ ಹೆಂಡತಿಯರು, ಗಂಡಂದಿರು, ಸ್ವೀಡಿಷ್‌ನಲ್ಲಿ ಕೂಗಾಡುವ ಮಕ್ಕಳು. ಅಲ್ಲಿ ಯಾರೂ ಕೊಲೆ ಓದುವುದಿಲ್ಲ. ಕೇಳಿದವರು ಅರ್ಧ ಹೆಜ್ಜೆ ಹಿಂದೆ ಸರಿದು, ಆಮೇಲೆ ನಕ್ಕು, "ಓ, ಲಾ ಅಂತೀರಾ! ಇಲ್ಲೂ ಫಸ್ಟ್ ಡಿಗ್ರಿ ಮರ್ಡರ್, ಸೆಕೆಂಡ್ ಡಿಗ್ರಿ ಅಂತೆಲ್ಲಾ ಇದ್ಯಾ?" ಎಂದರು. ಅಮೆರಿಕದ ಧಾರಾವಾಹಿಗಳು ಮಾಡಿಟ್ಟ ಕೆಲಸ ಇದು. ನಮ್ಮವರಿಗೆ ಊರಿನ ಕಾನೂನೂ ಗೊತ್ತಿಲ್ಲ, ಬಂದು ನೆಲೆಸಿದ ದೇಶದ ಕಾನೂನೂ ಗೊತ್ತಿಲ್ಲ, ಕಣ್ಣಲ್ಲಿ ಕಾಣದ ಮೂರನೆಯ ದೇಶದ್ದು ಮಾತ್ರ ಚೆನ್ನಾಗಿ ಗೊತ್ತು. "ಇಲ್ಲಿ ಡಿಗ್ರಿ ಗಿಗ್ರಿ ಏನೂ ಇಲ್ಲ. ಒಂದು ಮೂರ್ಡ್, ಇನ್ನೊಂದು ದ್ರೋಪ್. ಮೊದಲನೇದು ಕೊಲೆ, ಎರಡನೇದು ಅದಕ್ಕಿಂತ ಸ್ವಲ್ಪ ಕಡಿಮೆ ಕೊಲೆ. ನೀವು ಮುಂದೆ ಹೋಗಿ, ಚಿತ್ರಾನ್ನ ಖಾಲಿಯಾಗ್ತಿದೆ" ಎಂದೆ.

ನನ್ನ ಗಂಡ ಪಕ್ಕದ ಸಾಲಿನಿಂದಲೇ ಕಣ್ಣು ಬಿಟ್ಟರು. ಮನೆಗೆ ಬಂದ ಮೇಲೆ, "ಅಪರಾಧ ಶಾಸ್ತ್ರ ಅಂತ ಹೇಳಬಹುದಿತ್ತಲ್ಲ, ಮರ್ಯಾದೆಯಾಗಿ ಕೇಳಿಸ್ತಿತ್ತು" ಎಂದರು. ನಾನು ಆ ಸಂಜೆ ಎರಡು ಹೋಳಿಗೆ ಹೆಚ್ಚು ತಿಂದಿದ್ದೆ, ಜಗಳಕ್ಕೆ ಉಮೇದಿರಲಿಲ್ಲ.

ಆ ವರ್ಷಗಳಲ್ಲಿ ನಾನು ಸುಖವಾಗಿಯೇ ಇದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಪರದೇಶಕ್ಕೆ ಹೋದ ಹೆಂಗಸಿನ ನೆನಪು ಎಂದರೆ ಓದುವವರು ಕರವಸ್ತ್ರ ಹುಡುಕತೊಡಗುತ್ತಾರೆ. ನಮ್ಮದು ಮೂರನೆಯ ಮಹಡಿಯ ಮನೆ, ಅಡುಗೆಮನೆಯ ಕಿಟಕಿಗೆ ಬರ್ಚ್ ಮರಗಳು, ಹತ್ತು ನಿಮಿಷ ನಡೆದರೆ ರೈಲು. ಐದು ವರ್ಷದ ಮಗಳು ದಾಗಿಸ್‌ಗೆ ಹೋಗುತ್ತಿದ್ದಳು. ಮಕ್ಕಳನ್ನು ಹಗಲು ನೋಡಿಕೊಳ್ಳುವ ಆ ಶಾಲೆಯಲ್ಲಿ ಅವಳನ್ನು ಚಳಿಯಲ್ಲಿ ಹೊರಗೆ ಮಲಗಿಸಿ, ಕೆಸರಲ್ಲಿ ಆಡಿಸಿ, ಕೆನ್ನೆ ಟೊಮೆಟೊ ಮಾಡಿ ಕಳಿಸುತ್ತಿದ್ದರು. ನಾನು ಕನ್ನಡದಲ್ಲಿ ಬೈದರೆ ಅವಳು ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಬೈಗುಳ ಅರ್ಥವಾಗಿದೆ ಎನ್ನುವುದು ಅವಳ ಮುಖದಲ್ಲೇ ತಿಳಿಯುತ್ತಿತ್ತು, ನನಗೆ ಅಷ್ಟು ಸಾಕಿತ್ತು. ಕೊರತೆ ಒಂದೇ. ಊರಿನಲ್ಲಿ ನಾನು ಕರಿ ಕೋಟು ಹಾಕಿ ಜಿಲ್ಲಾ ನ್ಯಾಯಾಲಯದಲ್ಲಿ ಐದು ವರ್ಷ ವಕೀಲಿ ಮಾಡಿದವಳು. ಇಲ್ಲಿ ಫಾರ್ಮುಗಳಲ್ಲಿ ಉದ್ಯೋಗದ ಜಾಗದಲ್ಲಿ ಗೀಟು ಹಾಕುತ್ತಿದ್ದೆ.

ಹಾಗಾಗಿ ಸ್ವೀಡಿಷ್ ಭಾಷೆಯ ಪರೀಕ್ಷೆಗಳನ್ನು ಮುಗಿಸಿದ ಕೂಡಲೇ ಸ್ಟಾಕ್‌ಹೋಮಿನ ವಿಶ್ವವಿದ್ಯಾಲಯವೊಂದರಲ್ಲಿ ಕ್ರಿಮಿನಲ್ ಕಾನೂನಿನ ಪಾಠಕ್ಕೆ ಸೇರಿದೆ. ವಾರಕ್ಕೆ ಎರಡು ಸಂಜೆ ತರಗತಿ. ಎಲ್ಲರಿಗೂ ಹೇಳಿದ್ದು, ಇಲ್ಲಿಯೂ ಮುಂದೆ ಕೆಲಸಕ್ಕೆ ದಾರಿಯಾಗಲಿ ಎಂದು. ಅದು ಸುಳ್ಳಲ್ಲ. ಆದರೆ ಆ ಪಾಠಪಟ್ಟಿಯಲ್ಲಿ ಕೊಲೆಗೆ ಪೂರ್ತಿ ನಾಲ್ಕು ವಾರ ಇಟ್ಟಿದ್ದನ್ನು ನೋಡಿದಾಗ ನನ್ನ ಎದೆ ಹೊಡೆದುಕೊಂಡಿದ್ದಕ್ಕೆ ಕಾರಣ ಬೇರೆ ಇತ್ತು. ಒಬ್ಬ ಹೆಂಗಸು ನನ್ನ ಒಂದು ವಾಕ್ಯದಿಂದ ಜೀವಾವಧಿ ಶಿಕ್ಷೆಗೆ ಹೋಗಿದ್ದಳು, ಅಥವಾ ನಾನು ಹಾಗೆ ನಂಬಿದ್ದೆ. ಆ ನಂಬಿಕೆ ಹನ್ನೊಂದು ವರ್ಷ ನನ್ನ ಜೊತೆಗಿತ್ತು, ಗಂಡನಿಗೂ ಹೇಳಿರಲಿಲ್ಲ.

ನಾನಾಗ ಸನ್ನದು ಪಡೆದು ಎರಡು ವರ್ಷವಾಗಿದ್ದ ಜೂನಿಯರ್. ನನ್ನ ಸೀನಿಯರ್ ಕ್ರಿಮಿನಲ್ ಕೇಸುಗಳಿಗೆ ಹೆಸರಾದವರು. ಮಾತು ಕಡಿಮೆ, ವೀಳ್ಯ ಜಾಸ್ತಿ. ಅವರು ಉಚಿತ ಕಾನೂನು ನೆರವಿನಲ್ಲಿ ಆ ಹೆಂಗಸಿನ ಕೇಸು ತೆಗೆದುಕೊಂಡಿದ್ದರು. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು, ಐದು ವರ್ಷದ ಮಗಳು, ಮೂರು ವರ್ಷದ ಮಗ. ಗಂಡ ಒಂದು ದಿನ ಬೆಳಿಗ್ಗೆಯೇ ಕುಡಿದು ಬಂದು, ಗಂಡುಮಗುವಿನ ಕಾಲು ಹಿಡಿದು ಹಿತ್ತಲಿನ ಬಾವಿಯ ಮೇಲೆ ತಲೆಕೆಳಗಾಗಿ ತೂಗಿ, "ಬುಡ್ಲಾ? ಬುಡ್ಲಾ?" ಎಂದು ಅವಳನ್ನು ಆಡಿಸಿದ್ದ. ಆಮೇಲೆ ಮಗುವನ್ನು ಕೆಳಗಿಳಿಸಿ, ನಕ್ಕು, ಒಳಗೆ ಹೋಗಿ ಮಲಗಿದ. ಅವಳು ಒಲೆ ಹಚ್ಚಿದಳು. ಮುದ್ದೆ ಮಾಡಿದಳು, ಸೊಪ್ಪಿನ ಸಾರು ಮಾಡಿದಳು. ಮಕ್ಕಳಿಬ್ಬರಿಗೂ ಉಣ್ಣಿಸಿ, ಪಕ್ಕದ ಮನೆಯ ಜಗಲಿಯ ಮೇಲೆ ಮಲಗಿಸಿ ಬಂದಳು. ಆಮೇಲೆ ಒರಳಿನ ರುಬ್ಬುಗುಂಡನ್ನು ಎತ್ತಿ ಮಲಗಿದ್ದವನ ತಲೆಯ ಮೇಲೆ ಹಾಕಿದಳು. ಅವಳೇ ಹೋಗಿ ಊರಿನ ಪಟೇಲರ ಮನೆಯ ಮುಂದೆ ಕೂತಳು.

ನಮ್ಮ ದಂಡಸಂಹಿತೆಯ ಮುನ್ನೂರನೆಯ ಕಲಮು ನನಗೆ ಬಾಯಿಪಾಠ. ಕೊಲೆ ಎನ್ನಿಸಿಕೊಳ್ಳಲು ನಾಲ್ಕು ದಾರಿ, ಅದರಿಂದ ತಪ್ಪಿಸಿಕೊಳ್ಳಲು ಐದು ಕಿಂಡಿ. ಮೊದಲನೆಯ ಕಿಂಡಿ ಗಂಭೀರವಾದ ಮತ್ತು ಹಠಾತ್ತಾದ ಪ್ರಚೋದನೆ. ಅದರಲ್ಲಿ ತೂರಿಕೊಂಡರೆ ಕೊಲೆಯಲ್ಲದ ನರಹತ್ಯೆಯಾಗುತ್ತದೆ, ಶಿಕ್ಷೆ ಹತ್ತು ವರ್ಷದೊಳಗೂ ಮುಗಿಯಬಹುದು. ತೂರಲಾಗದಿದ್ದರೆ ಗಲ್ಲು, ಇಲ್ಲವೆ ಜೀವಾವಧಿ. ಬಾವಿಯ ಮೇಲೆ ಮಗುವನ್ನು ತೂಗಿದ್ದು ಗಂಭೀರ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಎಲ್ಲ ನಿಂತಿದ್ದು ಹಠಾತ್ ಎನ್ನುವ ಒಂದು ಮಾತಿನ ಮೇಲೆ.

ಆರೋಪಿ ನ್ಯಾಯಾಲಯಕ್ಕೆ ಕೊಡುವ ಲಿಖಿತ ಹೇಳಿಕೆಯ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವಳನ್ನು ಜೈಲಿನಲ್ಲಿ ಕಂಡು ಮಾತಾಡಿಸಿ ಬಂದು, ರಾಕ್ಷಸಿಯಲ್ಲ, ತಾಯಿ ಎನ್ನುವುದು ನ್ಯಾಯಾಧೀಶರಿಗೆ ತಿಳಿಯಬೇಕು ಎಂದು ಮುತುವರ್ಜಿಯಿಂದ ಬರೆದೆ. "ಮಕ್ಕಳಿಗೆ ಅಡುಗೆ ಮಾಡಿ ಉಣ್ಣಿಸಿ, ಮಲಗಿಸಿದ ನಂತರ" ಎಂಬುದು ನನ್ನದೇ ಅಕ್ಷರದಲ್ಲಿತ್ತು. ಬರೆದ ಮೇಲೆ ಎರಡು ಸಲ ಓದಿ ಹೆಮ್ಮೆಪಟ್ಟೆ. ಅಡುಗೆಗೆ ಹಿಡಿಯುವ ಹೊತ್ತೆಷ್ಟು ಎಂದು ಲೆಕ್ಕ ಹಾಕುವುದು, ಹೆಣ್ಣಾಗಿಯೂ, ನನಗೆ ಹೊಳೆಯಲಿಲ್ಲ. ಸರ್ಕಾರಿ ವಕೀಲರಿಗೆ ಹೊಳೆಯಿತು. ಒಲೆ ಹಚ್ಚಿ, ನೀರು ಕುದಿಸಿ, ಮುದ್ದೆ ತಿರುವಿ, ಎರಡು ಮಕ್ಕಳಿಗೆ ಉಣ್ಣಿಸಿ ಮಲಗಿಸುವಷ್ಟು ಸಾವಧಾನವಿದ್ದವಳಿಗೆ ಹಠಾತ್ ಎಲ್ಲಿಯದು ಎಂದು ಕೇಳಿದರು. ಅಕ್ಕಪಕ್ಕದವರು ಯಾರೂ ಅಡುಗೆಯ ವಿಷಯ ಹೇಳಿರಲಿಲ್ಲ. ಅದು ಇದ್ದದ್ದು ನಮ್ಮ ಕಾಗದದಲ್ಲಿ ಮಾತ್ರ. ತೀರ್ಪಿನಲ್ಲಿ ನ್ಯಾಯಾಧೀಶರು ಆ ಸಾಲನ್ನು ಅಕ್ಷರಶಃ ಎತ್ತಿ ಬರೆದು ಜೀವಾವಧಿ ಕೊಟ್ಟರು. ಹೈಕೋರ್ಟಿನಲ್ಲೂ ಅದೇ ನಿಂತಿತು.

ಸೀನಿಯರ್ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಎಂದಿನಂತೆ ಎಲೆಗೆ ಸುಣ್ಣ ಸವರುತ್ತಾ ಮರುದಿನದ ಕೇಸಿನ ಕಡತ ಕೇಳಿದರು. ಕೇಳುವ ಧೈರ್ಯ ನನಗೂ ಬರಲಿಲ್ಲ. ಮೂರು ವರ್ಷ ಅವರ ಆಫೀಸಿನಲ್ಲೇ ಇದ್ದು, ಆ ವಿಷಯ ಎತ್ತದೆ, ಮದುವೆಯಾಗಿ ಇಲ್ಲಿಗೆ ಬಂದೆ.

ಈಗ ಸ್ವೀಡನ್ನಿನ ಕಾನೂನಿಗೆ ಬರುತ್ತೇನೆ. ಮೊದಲ ಸಲ ಆ ಪುಟ ತೆರೆದಾಗ ನನಗೆ ಬಂದದ್ದು ಸಿಟ್ಟು. ಇನ್ನೊಬ್ಬರ ಪ್ರಾಣ ತೆಗೆದವರಿಗೆ ಕೊಲೆಗಾಗಿ ಹತ್ತು ವರ್ಷ ಅಥವಾ ಜೀವಾವಧಿ, ಅಷ್ಟೇ ಒಂದು ಕಲಮು. ಕೃತ್ಯಕ್ಕೆ ಕಾರಣವಾದ ಸಂದರ್ಭಗಳನ್ನೋ ಮತ್ತೊಂದನ್ನೋ ನೋಡಿದರೆ ಅಷ್ಟು ಘೋರವಲ್ಲ ಎನಿಸಿದರೆ ಅದು ದ್ರೋಪ್, ಆರರಿಂದ ಹತ್ತು ವರ್ಷ, ಅದು ಇನ್ನೊಂದು ಕಲಮು. ಮುಗಿಯಿತು. ಒಂದನೆಯದಾಗಿ, ಎರಡನೆಯದಾಗಿ ಎಂಬುದಿಲ್ಲ, ವಿನಾಯಿತಿಗಳಿಲ್ಲ, ಉದಾಹರಣೆಗಳಿಲ್ಲ. ನಮ್ಮಲ್ಲಿ ಬಸ್ ಟಿಕೆಟ್ಟಿನ ಹಿಂದೆ ಇದಕ್ಕಿಂತ ಹೆಚ್ಚು ಬರೆದಿರುತ್ತಾರೆ. ಶಿಕ್ಷೆ ಹೆಚ್ಚಿಸುವ ಸಂದರ್ಭಗಳ ಪಟ್ಟಿ ಬೇರೆಲ್ಲೋ ಮುಂದಿನ ಅಧ್ಯಾಯದಲ್ಲಿತ್ತು. ವಿಶೇಷ ಕ್ರೌರ್ಯ, ಎದುರಿಸಲಾಗದ ಸ್ಥಿತಿಯಲ್ಲಿದ್ದವರ ಮೇಲೆ ಕೈಮಾಡುವುದು, ನಂಬಿಕೆಗೆ ದ್ರೋಹ, ಯೋಜನೆ ಹಾಕಿ ಮಾಡುವುದು, ಹೀಗೆ. ತೂಕ ಇಳಿಸುವ ಸಂದರ್ಭಗಳ ಪಟ್ಟಿಯೂ ಪಕ್ಕದಲ್ಲೇ ಇತ್ತು, ಸತ್ತವನ ಅತಿರೇಕದ ನಡತೆಯೂ ಅದರಲ್ಲಿ ಸೇರಿತ್ತು. ಆದರೆ ಅವೆಲ್ಲ ತಕ್ಕಡಿಗೆ ಹಾಕುವ ಬಟ್ಟುಗಳು. ತೂಗುವವರು ನ್ಯಾಯಾಧೀಶರು.

ಏನೇ ಇರಲಿ ಎಂದು ಎರಡು ಕಲಮುಗಳನ್ನೂ ಪಟ್ಟಿಗಳನ್ನೂ ಬಾಯಿಪಾಠ ಮಾಡಿದೆ. ಪಾತ್ರೆ ತೊಳೆಯುವಾಗ, ರೈಲಿನಲ್ಲಿ, ಮಗಳಿಗೆ ಒಂದರ ಮೇಲೊಂದು ಚಳಿಯ ಬಟ್ಟೆ ತೊಡಿಸುವಾಗ. ನಮ್ಮ ಲಾ ಕಾಲೇಜಿನಲ್ಲಿ ಕಲಮು ಬಾಯಲ್ಲಿ ಇಲ್ಲದವನು ವಕೀಲನೇ ಅಲ್ಲ. ಮೂರನೆಯ ತರಗತಿಯಲ್ಲಿ ಪ್ರಾಧ್ಯಾಪಕಿ ಕೊಲೆ ಎಂದರೇನು ಎಂದು ಕೇಳಿದಾಗ ನಾನು ಎದ್ದು ನಿಂತೆ. ನಿಂತದ್ದಕ್ಕೇ ಎಲ್ಲರೂ ತಿರುಗಿ ನೋಡಿದರು. "ಮೇಡಂ" ಎಂದು ಶುರುಮಾಡಿ, ಪುಸ್ತಕ ಮುಚ್ಚಿ, ಗಡಗಡ ಒಪ್ಪಿಸಿದೆ. ಅಲ್ಪವಿರಾಮವನ್ನೂ ಬಿಡಲಿಲ್ಲ.

ಪ್ರಾಧ್ಯಾಪಕಿ ಅರವತ್ತರ ಆಸುಪಾಸಿನವರು, ಹಿಂದೆ ನ್ಯಾಯಾಧೀಶೆಯಾಗಿದ್ದವರು, ತರಗತಿಯಲ್ಲೂ ಕೈಯಲ್ಲಿ ಹೆಣಿಗೆಯ ಕಡ್ಡಿ. ಅವರು ಹೆಣಿಗೆ ನಿಲ್ಲಿಸದೆ, "ಬಹಳ ಚೆನ್ನಾಗಿದೆ. ಆದರೆ ಪುಸ್ತಕ ನಿನ್ನ ಮುಂದೇ ಇದೆ, ಪರೀಕ್ಷೆಗೂ ತರಬಹುದು. ಅದರಲ್ಲಿರುವುದನ್ನು ನೀನು ಹೇಳಬೇಕಿಲ್ಲ. ನಿನಗೆ ಏನನ್ನಿಸುತ್ತದೆ, ಅದನ್ನು ಹೇಳು" ಎಂದರು. ಸ್ವೀಡಿಷ್‌ನಲ್ಲಿ ಎಲ್ಲರೂ ಎಲ್ಲರಿಗೂ 'ನೀನು', ಪ್ರಾಧ್ಯಾಪಕಿಯನ್ನೂ ಹೆಸರು ಹಿಡಿದೇ ಕರೆಯಬೇಕು. ಅದಕ್ಕೆ ಹೊಂದಿಕೊಳ್ಳಲು ನನಗೆ ಒಂದು ವಾರ ಸಾಕಾಯಿತು. ಆದರೆ ಕೊಲೆಯ ವಿಷಯದಲ್ಲಿ ನನಗೆ ಏನನ್ನಿಸುತ್ತದೆ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಮುಚ್ಚಿದ್ದ ಪುಸ್ತಕವನ್ನು ಮತ್ತೆ ತೆರೆದು ಕೂತೆ.

ನಾಲ್ಕನೆಯ ವಾರ ಒಂದು ಕಡ್ಡಾಯದ ಚರ್ಚೆ. ಅದರಲ್ಲಿ ಪಾಸಾಗದವರಿಗೆ ಪರೀಕ್ಷೆ ಬರೆಯಲು ಬಿಡುವುದಿಲ್ಲ. ಪ್ರತಿ ಗುಂಪಿನಲ್ಲಿ ಒಬ್ಬರು ತಮಗೆ ಗೊತ್ತಿರುವ ಒಂದು ಪ್ರಕರಣವನ್ನು ಹೆಸರಿಲ್ಲದೆ ಎರಡು ಪುಟದಲ್ಲಿ ಬರೆದು ತರಬೇಕು, ಅದನ್ನು ಇಲ್ಲಿಯ ನ್ಯಾಯಾಲಯದಂತೆ ನಡೆಸಬೇಕು. ಇಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಒಬ್ಬ ನ್ಯಾಯಾಧೀಶರ ಜೊತೆ ಮೂವರು ಸಾಮಾನ್ಯ ಜನ ಕೂರುತ್ತಾರೆ. ಕಾನೂನು ಓದಿದವರಲ್ಲ, ಬಸ್ ಓಡಿಸುವವರು, ಟೀಚರುಗಳು. ಅವರಿಗೂ ಒಂದೊಂದು ಮತ. ನಮ್ಮ ಗುಂಪಿನಲ್ಲಿ ಪ್ರಕರಣ ತರುವುದು ಯಾರು ಎಂದಾಗ ನಾನು ಕೈಯೆತ್ತಿದೆ. ಇನ್ನೂ ಯೋಚಿಸುವ ಮುಂಚೆ ಕೈ ಮೇಲಿತ್ತು.

ಎರಡು ಪುಟ ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ಮುದ್ದೆಗೆ ಸ್ವೀಡಿಷ್‌ನಲ್ಲಿ ಏನು ಬರೆಯಲಿ ಎಂದು ತಲೆ ಕೆಡಿಸಿಕೊಂಡು ಕೊನೆಗೆ 'ಊಟ' ಎಂದಷ್ಟೇ ಬರೆದೆ. ನನ್ನ ಆಸೆ ಇದ್ದದ್ದು ಆರೋಪಿಯ ವಕೀಲಳಾಗಿ ನಿಂತು, ಹಠಾತ್ ಎನ್ನುವ ಪದವೇ ಇಲ್ಲದ ಈ ಕಾನೂನಿನಲ್ಲಿ ಅವಳನ್ನು ದ್ರೋಪ್‌ಗೆ ಇಳಿಸಿಕೊಳ್ಳಬೇಕು, ಊರಿನಲ್ಲಿ ಹಾಳು ಮಾಡಿದ್ದನ್ನು ಇಲ್ಲಿ ಸುಳ್ಳುಸುಳ್ಳಾದರೂ ಸರಿಮಾಡಬೇಕು ಎಂದು. ಪಾತ್ರ ಹಂಚಲು ಚೀಟಿ ಎತ್ತಿಸಿದರು. ನನ್ನ ಚೀಟಿಯಲ್ಲಿ ಪ್ರಾಸಿಕ್ಯೂಟರ್ ಎಂದಿತ್ತು. ಬದಲಾಯಿಸಿಕೊಡಿ ಎಂದು ಕೇಳಿದೆ. ಪ್ರಾಧ್ಯಾಪಕಿ ತಲೆಯಾಡಿಸಿ, "ಚೀಟಿ ಚೀಟಿಯೇ" ಎಂದರು.

ಹಾಗಾಗಿ ನನ್ನ ಕಕ್ಷಿದಾರಳ ವಿರುದ್ಧ ನಾನೇ ವಾದಿಸಿದೆ. ಚೆನ್ನಾಗಿ ವಾದಿಸಿದೆ ಎಂದು ಹೇಳಿಕೊಳ್ಳಲು ಈಗಲೂ ಮುಜುಗರ. ಸತ್ತವನು ನಿದ್ದೆಯಲ್ಲಿದ್ದ, ತನ್ನನ್ನು ತಾನು ಕಾಪಾಡಿಕೊಳ್ಳಲಾರದ ಸ್ಥಿತಿ. ತನ್ನ ಮನೆಯಲ್ಲಿ, ಹೆಂಡತಿ ಒಲೆಯ ಮುಂದಿರುವಾಗ ಮಲಗಿದವನಿಗೆ ಇರಬೇಕಾದ ನಂಬಿಕೆ ಮುರಿಯಿತು. ಮತ್ತು ಯೋಜನೆ. ಆ ಜಾಗಕ್ಕೆ ಬಂದಾಗ ಸರ್ಕಾರಿ ವಕೀಲರ ಮಾತುಗಳು ನನ್ನ ಬಾಯಿಂದ ಸ್ವೀಡಿಷ್‌ನಲ್ಲಿ ಸಲೀಸಾಗಿ ಬಂದವು. ನೀರು ಕುದಿಯಲು ಎಷ್ಟು ಹೊತ್ತು, ಮಕ್ಕಳು ಉಣ್ಣಲು ಎಷ್ಟು ಹೊತ್ತು, ಮಲಗಲು ಎಷ್ಟು ಹೊತ್ತು. ಮೂವರು ಜನರ ಪೀಠದಲ್ಲಿ ಕೂತಿದ್ದ, ನಮ್ಮ ತರಗತಿಯಲ್ಲೇ ಓದುತ್ತಿದ್ದ ನಿವೃತ್ತ ಬಸ್ ಚಾಲಕರೊಬ್ಬರು ಪ್ರತಿಯೊಂದನ್ನೂ ಬರೆದುಕೊಂಡರು. ನಾನೇ ಗೆಲ್ಲುತ್ತಿದ್ದೇನೆ ಎಂದು ತಿಳಿಯಿತು.

ಆರೋಪಿಯ ಪರವಾಗಿ ನಿಂತಿದ್ದವಳು ಒಬ್ಬಳು ನರ್ಸ್, ಸೋಡರ್‌ಟೆಲ್ಯೆಯಿಂದ ಡ್ಯೂಟಿ ಮುಗಿಸಿ ನೇರ ತರಗತಿಗೆ ಬರುತ್ತಿದ್ದವಳು. ಅವಳು ಬಾವಿಯ ವಿಷಯ ಹೇಳಿದಳು, ವರ್ಷಗಳ ಹೊಡೆತದ ವಿಷಯ ಹೇಳಿದಳು. ಆಮೇಲೆ ಪುಟ ತಿರುವಿ, "ಈ ಊಟದ ವಿಷಯ ಯಾರು ನೋಡಿದ್ದು?" ಎಂದು ನನ್ನನ್ನೇ ಕೇಳಿದಳು.

"ಯಾರೂ ನೋಡಿಲ್ಲ. ಅವಳೇ ಹೇಳಿದ್ದು."

"ಯಾರೂ ನೋಡದಿದ್ದದ್ದನ್ನು, ತನಗೇ ತೊಂದರೆಯಾಗುವುದನ್ನು, ಯಾಕೆ ಹೇಳಿದಳು?"

"ಅವಳಿಗೆ ಗೊತ್ತಿರಲಿಲ್ಲ. ಅವಳ ವಕೀಲೆ ಬರೆದಳು. ದಡ್ಡಿ."

"ವಕೀಲೆ ದಡ್ಡಿ ಎಂದು ಹಾಳೆಯಲ್ಲಿ ಬರೆದಿಲ್ಲ" ಎಂದಳು ನರ್ಸ್, ಹಾಳೆಯನ್ನು ಮತ್ತೆ ನೋಡುತ್ತಾ. "ಅವಳಿಗೆ ಗೊತ್ತಿರಲಿಲ್ಲ ಎಂದು ನಿನಗೆ ಹೇಗೆ ಗೊತ್ತು? ಯಾರಾದರೂ ಕೇಳಿದರಾ?"

ಅಷ್ಟರಲ್ಲಿ ಫೀಕಾದ ಹೊತ್ತಾಯಿತು. ಸ್ವೀಡನ್ನಿನಲ್ಲಿ ಹೆಣ ಬಿದ್ದಿದ್ದರೂ ಮೂರು ಗಂಟೆಗೊಮ್ಮೆ ಕಾಫಿ, ದಾಲ್ಚಿನ್ನಿ ಬನ್ನು ತಪ್ಪುವುದಿಲ್ಲ. ಬನ್ನು ಹಿಡಿದು ಕಿಟಕಿಯ ಹತ್ತಿರ ನಿಂತೆ. ಬಸ್ ಚಾಲಕರು ಬಂದು, "ನನ್ನ ತಾಯಿ ಹಾಗೆಯೇ. ಯುದ್ಧ ಬಂದರೂ ಮೊದಲು ಊಟ" ಎಂದು ಹೇಳಿ ಕಾಫಿ ತುಂಬಿಸಿಕೊಳ್ಳಲು ಹೋದರು.

ಮತ ಹಾಕಿದಾಗ ಎರಡು ಮತ ಕೊಲೆಗೆ, ಎರಡು ದ್ರೋಪ್‌ಗೆ. ನ್ಯಾಯಾಧೀಶರ ಜಾಗದಲ್ಲಿ ಕೂತಿದ್ದ ಪ್ರಾಧ್ಯಾಪಕಿಯ ಮತ ಕೊಲೆಗೆ ಬಿದ್ದಿತ್ತು, ಬಸ್ ಚಾಲಕರದ್ದು ದ್ರೋಪ್‌ಗೆ. ಇಲ್ಲಿ ಮತ ಸಮ ಬಿದ್ದರೆ ಆರೋಪಿಗೆ ಯಾವುದು ಹಗುರವೋ ಅದೇ ತೀರ್ಪು. ನಾನು ಸೋತೆ. ಬದುಕಿನಲ್ಲಿ ಅಷ್ಟು ಖುಷಿಯಾಗಿ ಯಾವ ಕೇಸನ್ನೂ ಸೋತಿರಲಿಲ್ಲ, ಕೂತಲ್ಲೇ ನಗು ಬಂತು, ನರ್ಸ್ ಕೈ ಕುಲುಕಿದಳು.

ಎಲ್ಲರೂ ಹೊರಟ ಮೇಲೆ ಪ್ರಾಧ್ಯಾಪಕಿ ನನ್ನನ್ನು ನಿಲ್ಲಿಸಿದರು. "ನಿನ್ನ ವಾದಕ್ಕೆ ಪಾಸು. ನಿನ್ನ ಪ್ರಕರಣಕ್ಕೆ ಇನ್ನೂ ಇಲ್ಲ. ಕೊಲೆಯೋ ದ್ರೋಪೋ ಎನ್ನುವುದು ಒಂದು ಸಾಲಿನ ಮೇಲೆ ನಿಂತಿದೆ, ಆ ಸಾಲು ಅಲ್ಲಿ ಯಾಕಿದೆ ಎಂದು ಯಾರೂ ಕೇಳಿಲ್ಲ. ಕೇಳಿ ಬರೆದು ತಾ." ನಾನು, ಇದು ಬೇರೆ ದೇಶದ್ದು, ಹನ್ನೊಂದು ವರ್ಷದ ಹಿಂದಿನದು ಎಂದೆ. "ಅಲ್ಲಿ ಫೋನ್ ಇಲ್ಲವಾ?" ಎಂದು ಕೇಳಿದರು. ಕುಹಕವಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಗೆ ಫೋನ್ ಮಾಡಿ ಕೇಳುವುದು ಈ ಜನಕ್ಕೆ ಅಷ್ಟು ಸಹಜ. ತೆರಿಗೆಯ ಕಚೇರಿಗೂ ಮಾಡುತ್ತಾರೆ, ಮಂತ್ರಿಯ ಕಚೇರಿಗೂ ಮಾಡುತ್ತಾರೆ. ಹಿರಿಯರು ಬಾಯಿ ಬಿಡದಿದ್ದರೆ ಕೇಳಬಾರದು ಎಂದು ಬೆಳೆದ ನನಗೆ ರೈಲಿನುದ್ದಕ್ಕೂ ಮೈ ಉರಿಯಿತು. ಇವರಿಗೇನು ಗೊತ್ತು ಎಂದು ಸೊಲ್ಲೆಂಟುನಾ ಬರುವವರೆಗೂ ಒಳಗೊಳಗೇ ಬೈದುಕೊಂಡೆ.

ಒಂದು ವಾರ ಮುಂದೂಡಿದೆ. ಕೊನೆಗೆ ಒಂದು ಬೆಳಿಗ್ಗೆ ಮಗಳನ್ನು ದಾಗಿಸ್‌ಗೆ ಬಿಟ್ಟು ಬಂದು, ಕೋಟು ಬಿಚ್ಚದೆ, ಅಡುಗೆಮನೆಯಲ್ಲಿ ನಿಂತೇ ಸೀನಿಯರ್ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನದ ಊಟದ ಬಿಡುವು. ಅವರೇ ಎತ್ತಿದರು. ಬಾಯಲ್ಲಿ ಎಲೆಯಡಿಕೆ ಇದೆ ಎಂದು ಧ್ವನಿಯಲ್ಲೇ ತಿಳಿಯಿತು.

"ಏನಮ್ಮಾ, ಹಿಮದ ದೇಶದೋಳು! ಮಗು ಹೇಗಿದೆ? ಯಜಮಾನ್ರು?"

ಎಲ್ಲ ಚೆನ್ನಾಗಿದ್ದಾರೆ ಎಂದು ಹೇಳಿ, ರುಬ್ಬುಗುಂಡಿನ ಕೇಸು ನೆನಪಿದೆಯಾ ಸಾರ್ ಎಂದೆ. ಇದೆ ಎಂದರು. ಆಮೇಲೆ ನಾನು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ನನ್ನ ಕರಡು, ನನ್ನ ಸಾಲು, ನನ್ನಿಂದ ಅವಳಿಗೆ ಜೀವಾವಧಿ ಆಯಿತು, ನೀವು ಬೈಯಲಿಲ್ಲ, ನಾನು ಕೇಳಲಿಲ್ಲ. ಅಳಬಾರದು ಎಂದುಕೊಂಡಿದ್ದೆ, ಅತ್ತೆ.

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಎದ್ದುಹೋಗಿ ಬಾಯಿ ತೊಳೆದು ಬಂದಿರಬೇಕು. ಎಲೆಯಿಲ್ಲದ ಬಾಯಲ್ಲಿ ಅವರ ಮಾತು ನಾನು ಕೇಳಿದ್ದೇ ಕಡಿಮೆ.

"ಅಯ್ಯೋ ಹುಚ್ಚಿ. ಜೂನಿಯರ್ ಬರೆದಿದ್ದನ್ನ ಸೀನಿಯರ್ ಓದದೇ ಕೋರ್ಟಿಗೆ ಹಾಕ್ತಾನೇನಮ್ಮಾ? ಹೆಬ್ಬೆಟ್ಟು ಒತ್ತಿಸೋಕೆ ಮುಂಚೆ ಆಯಮ್ಮನಿಗೆ ಪೂರ್ತಿ ಓದಿ ಹೇಳ್ಬೇಕಲ್ಲ. ನಾನೇ ಜೈಲಿಗೆ ಹೋಗಿದ್ದೆ. ಆವತ್ತು ನೀನು ಇನ್ನೊಂದು ಕೋರ್ಟಲ್ಲಿ ವಾಯಿದೆ ತಗೊಳ್ಳೋಕೆ ಹೋಗಿದ್ದೆ. ಆ ಸಾಲು ಬಂದ ತಕ್ಷಣ ಪೆನ್ ತೆಗ್ದೆ. ಇದನ್ನ ಹೊಡೆದು ಹಾಕ್ತೀನಮ್ಮಾ, ಇದು ಇದ್ರೆ ನಿನ್ ಕುತ್ತಿಗೆಗೇ ಬರುತ್ತೆ ಅಂದೆ. ಬಿಡಿಸಿ ಬಿಡಿಸಿ ಹೇಳ್ದೆ, ಮೂರು ಸಲ."

"ಏನಂದ್ಲು ಸಾರ್?"

"ಬ್ಯಾಡಿ ಸಾಮಿ ಅಂದ್ಲು. ನಾಳೆ ದಿನ ಅವ್ರ ದೊಡ್ಡಪ್ಪಂದ್ರು, ನಿಮ್ಮವ್ವ ನಿಮ್ಮನ್ನ ಉಪಾಸ ಕೆಡವಿ ನಿಮ್ಮಪ್ಪನ್ನ ಸಾಯಿಸಿದ್ಲು ಅಂತ ಹೇಳ್ಕೊಡ್ತಾರೆ. ಹುಡ್ಲು ಸಣ್ಣವು, ಉಂಡಿದ್ದು ಅವಕ್ಕೆ ಗ್ಯಾನ ಇರಲ್ಲ. ನನ್ ಮಾತು ಯಾರ್ ಕೇಳ್ತಾರೆ? ಕೋರ್ಟಿನ ಕಾಗ್ದ ಅಂದ್ರೆ ನಂಬ್ತಾರೆ. ನನ್ ಮಕ್ಳು ಉಂಡ್ಕಂಡೇ ಮಲುಗಿದ್ವು ಅಂತ ಅದ್ರಾಗೆ ಇರ್ಲಿ. ನನ್ಗೆ ಎಷ್ಟ್ ವರ್ಸಾನಾ ಆಗ್ಲಿ ಅಂದ್ಲು. ನಾನೇನು ಮಾಡ್ಲಿ ಹೇಳು? ಹೇಳಿಕೆ ಅವಳ್ದು. ಪೆನ್ನು ಜೇಬಿಗೆ ಹಾಕ್ಕೊಂಡೆ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಧ್ವನಿ ಜೋರಾಯಿತು ಎಂದು ಕಾಣುತ್ತದೆ. ಹನ್ನೊಂದು ವರ್ಷದ ಸಿಟ್ಟು ಅದು, ಸೀನಿಯರ್ ಎನ್ನುವುದನ್ನೂ ನೋಡಲಿಲ್ಲ.

"ನೀನು ಕೇಳಲೇ ಇಲ್ವಲ್ಲಮ್ಮಾ. ಆಯಮ್ಮನ ಆಸೆ ಗೊತ್ತಿದ್ದೇ ನೀನು ಬರೆದಿದ್ದೀಯ ಅಂದ್ಕೊಂಡಿದ್ದೆ ನಾನು. ಒಳ್ಳೇ ಕರಡು ಅದು" ಎಂದರು. ಐದು ವರ್ಷದಲ್ಲಿ ಅವರು ನನ್ನ ಯಾವ ಕರಡನ್ನೂ ಒಳ್ಳೆಯದೆಂದಿರಲಿಲ್ಲ.

ಕುರ್ಚಿ ಎಳೆದುಕೊಂಡು ಕೂತೆ. ಹನ್ನೊಂದು ವರ್ಷ ಅವಳಿಗೆ ಏನೂ ತಿಳಿಯದು ಎಂದುಕೊಂಡಿದ್ದೆ. ಪಾಪದವಳು, ಅಕ್ಷರ ಬಾರದವಳು, ನನ್ನ ತಪ್ಪಿಗೆ ಸಿಕ್ಕವಳು ಎಂದು. ಕೊಲೆಯ ನಾಲ್ಕು ದಾರಿ ಐದು ಕಿಂಡಿಗಳನ್ನೆಲ್ಲ ಅವಳಿಗೆ ಮೂರು ಸಲ ಬಿಡಿಸಿ ಹೇಳಿದ್ದರು. ಅವಳು ಕೇಳಿ, ತೂಗಿ, ತನಗೆ ಬೇಕಾದ್ದನ್ನು ಆರಿಸಿಕೊಂಡಿದ್ದಳು. ನನಗೆ ನಾಚಿಕೆಯಾಯಿತು, ಮತ್ತು ಸುಳ್ಳು ಯಾಕೆ ಹೇಳಲಿ, ಅದರ ಜೊತೆಯಲ್ಲೇ ಎದೆ ಹಗುರಾಗಿ ಸಂತೋಷವೂ ಆಯಿತು.

"ಅವಳು ಈಗ ಎಲ್ಲಿದ್ದಾಳೆ ಸಾರ್?"

"ಒಳಗೇ ಇದ್ದಾಳೆ. ಸನ್ನಡತೆ ಮೇಲೆ ಬಿಡೋ ಪಟ್ಟಿಗೆ ಹೆಸರು ಹೋಗಿದೆ, ನಾನೇ ಅರ್ಜಿ ಹಾಕ್ಸಿದೀನಿ. ಆಗುತ್ತೆ, ಇನ್ನೆರಡು ಮೂರು ವರ್ಷ. ಮಗಳು ಬಂದಿದ್ಲು ನೋಡು ಹೋದ ತಿಂಗ್ಳು, ಆಫೀಸಿಗೆ. ದೊಡ್ಡವಳಾಗಿದಾಳೆ, ಪಿಯುಸಿ. ದೊಡ್ಡಪ್ಪನ ಮನೇಲೇ ಬೆಳೆದಿದ್ದು. ನಮ್ಮವ್ವನ ಕೇಸಿನ ಜಡ್ಜ್‌ಮೆಂಟ್ ನೋಡ್ಬೇಕು ಅಂದ್ಲು. ಕೊಟ್ಟೆ. ನಿನ್ ಮೇಜಿತ್ತಲ್ಲ ಕಿಟಕಿ ಹತ್ರ, ಅಲ್ಲೇ ಕೂತು ಪೂರ್ತಿ ಓದಿದ್ಲು."

"ಓದಿ?"

"ಏನೂ ಕೇಳ್ಲಿಲ್ಲ. ಅಷ್ಟೂ ಪುಟ ಬೇಕೇನಮ್ಮಾ, ಜೆರಾಕ್ಸ್ ಮಾಡ್ಸಿ ಕೊಡ್ತೀನಿ ಅಂದೆ. ಬೇಡ ಸಾರ್ ಅಂತ ಒಂದೇ ಒಂದು ಪುಟ ತೆಗೆದುಕೊಟ್ಲು. ಅದನ್ನ ಎರಡು ಪ್ರತಿ ಮಾಡ್ಸಿಕೊಂಡ್ಲು. ಯಾಕಮ್ಮಾ ಎರಡು ಅಂದ್ರೆ, ತಮ್ಮನಿಗೊಂದು ಅಂದ್ಲು."